ಶಿರಸ್ತ್ರಾಣದ ಬಣ್ಣವೂ ಕಾಯಕದ ಗೌರವವೂ

ಕೊಡಗಿನ ಮಳೆಗಾಲದಲ್ಲಿ ಗದ್ದೆಗಿಳಿದು ನಾಟಿ ಮಾಡುವವರ ತಲೆಯನ್ನೂ ಬೆನ್ನನ್ನೂ ಬಹುಕಾಲ ಕಾಪಾಡಿದುದು ಗೊರಬೆ. ಅದೇ ನಾಡಿನಲ್ಲಿ ಮದುವಣಿಗನ ತಲೆಯನ್ನು ಅಲಂಕರಿಸುವುದು ಮಂಡೆತುಣಿ. ಮೊದಲನೆಯದರ ಉದ್ದೇಶ ರಕ್ಷಣೆ, ಎರಡನೆಯದರದು ಗುರುತು. ಈ ಎರಡು ಪ್ರಯೋಜನಗಳೂ ಒಂದುಗೂಡಿರುವ ಆಧುನಿಕ ತಲೆಯುಡುಗೆಯೇ ಕಾಮಗಾರಿಯ ಸ್ಥಳದಲ್ಲಿ ಧರಿಸುವ ಸುರಕ್ಷತಾ ಶಿರಸ್ತ್ರಾಣ, ಅಂದರೆ ಜನಬಳಕೆಯ ಹೆಲ್ಮೆಟ್.

ಇದರ ಇತಿಹಾಸ ಬಹಳ ಹಳೆಯದಲ್ಲ. 1919ರಲ್ಲಿ ಅಮೆರಿಕದ ಬುಲಾರ್ಡ್ ಸಂಸ್ಥೆಯು ದಪ್ಪ ಬಟ್ಟೆಯನ್ನು ಹಬೆಯಲ್ಲಿ ಬೇಯಿಸಿ, ಅಂಟು ಹಾಗೂ ಕಪ್ಪು ಬಣ್ಣ ಬಳಿದು ಗಣಿಗಾರರಿಗಾಗಿ ಗಟ್ಟಿ ಟೋಪಿಯನ್ನು ತಯಾರಿಸಿತು. 1933ರಲ್ಲಿ ಆರಂಭವಾದ ಗೋಲ್ಡನ್ ಗೇಟ್ ಸೇತುವೆಯ ಕಾಮಗಾರಿಯಲ್ಲಿ ಇಂತಹ ಟೋಪಿಯನ್ನು ಕಡ್ಡಾಯಗೊಳಿಸಲಾಯಿತು. ಮುಂದೆ ಪ್ಲಾಸ್ಟಿಕ್ ಬಳಕೆಗೆ ಬಂದಾಗ ಅಚ್ಚಿನಲ್ಲಿಯೇ ಬಣ್ಣ ಬೆರೆಸುವುದು ಸುಲಭವಾಯಿತು; ಬಣ್ಣಕ್ಕೆ ಅರ್ಥವೂ ಕೂಡಿಕೊಂಡಿತು.

ನಮ್ಮ ದೇಶದ ಕಾಮಗಾರಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ರೂಢಿ ಹೀಗಿದೆ:

ಬಿಳಿ: ಎಂಜಿನಿಯರರು, ವ್ಯವಸ್ಥಾಪಕರು, ಮೇಲ್ವಿಚಾರಕರು.
ಹಳದಿ: ಮಣ್ಣು ಅಗೆಯುವ, ಹೊರೆ ಹೊರುವ ಸಾಮಾನ್ಯ ಕೆಲಸಗಾರರು.
ನೀಲಿ: ವಿದ್ಯುತ್ ಕೆಲಸದವರು, ಬಡಗಿಗಳು ಮೊದಲಾದ ಕುಶಲಕರ್ಮಿಗಳು.
ಹಸಿರು: ಸುರಕ್ಷತಾಧಿಕಾರಿಗಳು.
ಕೆಂಪು: ಅಗ್ನಿಶಾಮಕರು.
ಕಿತ್ತಳೆ: ರಸ್ತೆ ಕೆಲಸದವರು, ಕ್ರೇನಿಗೆ ಸನ್ನೆ ತೋರುವವರು.
ಕಂದು: ಬೆಸುಗೆ ಕೆಲಸದವರು.
ಬೂದು: ಸಂದರ್ಶಕರು.

ಆದರೆ ಇದು ಲೋಕಕ್ಕೆಲ್ಲ ಒಂದೇ ಆದ ಶಾಸನವಲ್ಲವೆಂಬುದನ್ನು ಮರೆಯಬಾರದು. ಬ್ರಿಟನ್ನಿನ ಪ್ರಮುಖ ನಿರ್ಮಾಣ ಸಂಸ್ಥೆಗಳ ಒಕ್ಕೂಟವು 2017ರಿಂದ ಜಾರಿಗೆ ತಂದ ಕ್ರಮದಲ್ಲಿ ಮೇಲ್ವಿಚಾರಕರಿಗೆ ಕಪ್ಪು ಬಣ್ಣ ಸಂದಿದೆ. ಆದುದರಿಂದ ಪ್ರತಿಯೊಂದು ಕಾಮಗಾರಿಯಲ್ಲಿಯೂ ಬಣ್ಣಗಳ ಅರ್ಥವನ್ನು ಪ್ರವೇಶದ್ವಾರದಲ್ಲಿಯೇ ಕೆಲಸಗಾರರು ಬಲ್ಲ ಭಾಷೆಗಳಲ್ಲಿ ಬರೆದು ತೂಗುಹಾಕುವುದು ಅವಶ್ಯಕ. ದೂರದ ರಾಜ್ಯಗಳಿಂದ ಬಂದು ಕನ್ನಡವರಿಯದೆ ದುಡಿಯುವವನಿಗೆ ಆಪತ್ತಿನ ಗಳಿಗೆಯಲ್ಲಿ ಯಾರತ್ತ ಓಡಬೇಕೆಂಬುದನ್ನು ಮಾತಿಗಿಂತ ಮೊದಲು ಬಣ್ಣವೇ ತಿಳಿಸುತ್ತದೆ.

ಕೊಡಗಿನಲ್ಲಿ ಈ ವಿಚಾರಕ್ಕೆ ವಿಶೇಷ ಮಹತ್ವವುಂಟು. 2018ರ ಆಗಸ್ಟ್ ತಿಂಗಳಿನಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆಗಳಲ್ಲಿ ಗುಡ್ಡಗಳು ಕುಸಿದು, ಮಡಿಕೇರಿ–ಸಂಪಾಜೆ ಹೆದ್ದಾರಿ ಅಲ್ಲಲ್ಲಿ ಕಡಿದುಹೋಯಿತು. ಅನಂತರ ಹೆದ್ದಾರಿಯ ದುರಸ್ತಿ ನಡೆಯಿತು. ಕರ್ಣಂಗೇರಿ, ಜಂಬೂರು ಮೊದಲಾದೆಡೆಗಳಲ್ಲಿ ನಿರಾಶ್ರಿತರಿಗೆ ಮನೆಗಳು ಎದ್ದವು. ಸಡಿಲ ಮಣ್ಣಿನ ಇಳಿಜಾರಿನ ಅಡಿಯಲ್ಲಿ ದುಡಿಯುವವನು ಕಣ್ಣಿಗೆ ಬೀಳುವುದೇ ಅವನ ಪ್ರಾಣರಕ್ಷಣೆಯ ಮೊದಲ ಹೆಜ್ಜೆ. ಆಷಾಢದ ಮಂಜಿನಲ್ಲಿ ಬಿಳಿಯು ಕರಗಿಹೋಗುತ್ತದೆ. ಕಾಡಿನ ಹಿನ್ನೆಲೆಯಲ್ಲಿ ಹಸಿರು ಮರೆಯಾಗುತ್ತದೆ. ಕುಸಿದ ಕೆಮ್ಮಣ್ಣಿನ ಮೇಲೆ ಕಂದು ಕಾಣಿಸದು. ಮುಸ್ಸಂಜೆಯಲ್ಲಿ ಕೆಂಪು ಬಣ್ಣ ಕಣ್ಣಿಗೆ ಕಪ್ಪಾಗಿ ತೋರುತ್ತದೆ. ಅಂತಹ ವೇಳೆಯಲ್ಲಿ ಮಿಂಚುಹಳದಿಯೇ ಮೇಲು. ರೂಢಿಯ ಬಣ್ಣವನ್ನು ಬಿಡಲಾಗದಿದ್ದರೆ ಬೆಳಕನ್ನು ಪ್ರತಿಫಲಿಸುವ ಪಟ್ಟಿಯನ್ನಾದರೂ ಅಂಟಿಸಬೇಕು. ಹೊರನಾಡಿನ ಪಟ್ಟಿಯನ್ನು ಕಣ್ಣುಮುಚ್ಚಿ ಅನುಕರಿಸದೆ ನೆಲದ ಗುಣವನ್ನರಿತು ನಡೆಯುವುದೇ ವಿವೇಕ.

ಬಣ್ಣವೊಂದರಿಂದಲೇ ತಲೆ ಉಳಿಯದು. ಹೊರಗಿನ ಚಿಪ್ಪು, ಒಳಗಿನ ಪಟ್ಟಿಗಳ ತೊಟ್ಟಿಲು, ಇವೆರಡರ ನಡುವಣ ತೆರಪು, ಗದ್ದದ ಪಟ್ಟಿ: ಇವೆಲ್ಲ ಕೂಡಿದಾಗಲೇ ಶಿರಸ್ತ್ರಾಣ ಪೂರ್ಣ. ಮೇಲಿನಿಂದ ಬಿದ್ದ ಕಲ್ಲಿನ ಹೊಡೆತವನ್ನು ತೊಟ್ಟಿಲು ಹಂಚಿಕೊಂಡು ತಗ್ಗಿಸುತ್ತದೆ. ಆ ತೆರಪಿನಲ್ಲಿ ಬೀಡಿ ಕಟ್ಟನ್ನೋ ಕರವಸ್ತ್ರವನ್ನೋ ಇಟ್ಟರೆ ಹೊಡೆತ ನೇರವಾಗಿ ತಲೆಗೇ ತಟ್ಟುತ್ತದೆ. ಒಮ್ಮೆ ಬಲವಾದ ಪೆಟ್ಟು ತಿಂದ ಶಿರಸ್ತ್ರಾಣ ಹೊರನೋಟಕ್ಕೆ ಚೆನ್ನಾಗಿದ್ದರೂ ವರ್ಜ್ಯ. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗುವುದರಿಂದ ಒಳಭಾಗದಲ್ಲಿ ಅಚ್ಚೊತ್ತಿದ ತಯಾರಿಕೆಯ ಕಾಲವನ್ನು ನೋಡಬೇಕು. ಭಾರತೀಯ ಮಾನಕ 2925ರ ಗುರುತನ್ನೂ ಪರೀಕ್ಷಿಸಬೇಕು. ಹಳದಿಯದನ್ನು ಹಸಿರಾಗಿಸಲು ಮನಬಂದ ಬಣ್ಣವನ್ನು ಬಳಿಯುವುದು ಅಪಾಯಕರ. ಬಣ್ಣದೊಳಗಿನ ದ್ರಾವಕವು ಚಿಪ್ಪನ್ನು ದುರ್ಬಲಗೊಳಿಸಬಹುದು. ಸಿಲ್ವರ್ ಓಕ್ ಮರಗಳಿಗೆ ಏಣಿಯಿಟ್ಟು ಕರಿಮೆಣಸು ಕೊಯ್ಯುವವರಿಗೂ ಗದ್ದದ ಪಟ್ಟಿಯಿರುವ ಶಿರಸ್ತ್ರಾಣ ಬೇಕು. ಆದರೆ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿದರೆ ಯಾವ ಬಣ್ಣದ ಶಿರಸ್ತ್ರಾಣವೂ ಕಾಯಲಾರದು. ತಂತಿಯಿಂದ ದೂರವಿರುವುದೊಂದೇ ಅಲ್ಲಿ ರಕ್ಷೆ.

ಬಣ್ಣದ ಭೇದವು ಹೊಣೆಯ ಭೇದವೇ ಹೊರತು ಮನುಷ್ಯರ ಮೇಲುಕೀಳಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕದಲ್ಲಿ ಉಚ್ಚನೀಚವನ್ನು ಒಪ್ಪಲಿಲ್ಲ. ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ ದೋಣಿ ನಡೆಸುವ ಅಂಬಿಗರ ಚೌಡಯ್ಯನೂ ಅನುಭಾವಿಗಳ ಸಾಲಿನಲ್ಲಿ ಸಮಾನರಾಗಿ ನಿಂತರು. ಆ ಪರಂಪರೆಯ ವಿದ್ಯಾಸಂಸ್ಥೆಗಳಲ್ಲಿ ಬಿಳಿಯ ಶಿರಸ್ತ್ರಾಣ ಹೊಸದಾಗಿಯೂ ಹಳದಿಯದು ಬಿರುಕುಬಿಟ್ಟೂ ಇರುವುದು ಸಲ್ಲದು. ದಾನಿಗಳ ನೆರವಿನಿಂದ ಹೊಸ ಕಟ್ಟಡವೇಳುವಾಗ ಅಂದಾಜುಪಟ್ಟಿಯಲ್ಲಿ ಸಿಮೆಂಟು, ಕಬ್ಬಿಣಗಳ ಜೊತೆಗೆ ಪ್ರತಿ ಕೂಲಿಕಾರನ ಶಿರಸ್ತ್ರಾಣಕ್ಕೂ ಒಂದು ಸಾಲು ಮೀಸಲಾಗಿರಲಿ. ಅಧ್ಯಾಪಕರು ಮಕ್ಕಳನ್ನು ಕಾಮಗಾರಿ ತೋರಿಸಲು ಕರೆದೊಯ್ಯುವಾಗ ಅವರಿಗೂ ಸಂದರ್ಶಕರ ಶಿರಸ್ತ್ರಾಣ ತೊಡಿಸಲಿ. ಶಿಲಾಫಲಕದಲ್ಲಿ ಹೆಸರು ಕೆತ್ತಿಸಿಕೊಳ್ಳದೆ ಗೋಡೆ ಕಟ್ಟಿದವನು ಸಂಜೆ ಕ್ಷೇಮವಾಗಿ ಮನೆ ಸೇರಿದರೆ, ಆ ಕಟ್ಟಡಕ್ಕೆ ಅದಕ್ಕಿಂತ ಶುಭವಾದ ಪ್ರಾರಂಭೋತ್ಸವ ಬೇರೊಂದಿಲ್ಲ.