ಮರಳಿ ಬರುವ ಮರಳು: ಸ್ವಾವಲಂಬನೆಯ ಒಂದು ಪಾಠ

‘ಅವಲಂಬನ’ ಎಂಬ ಶಬ್ದದಲ್ಲಿರುವ ‘ಲಂಬ್’ ಧಾತುವಿಗೆ ತೂಗು, ಜೋತುಬೀಳು ಎಂಬುದು ಮೂಲಾರ್ಥ. ಅನ್ಯರನ್ನು ಹಿಡಿದು ಜೋತುಬಿದ್ದಿರುವುದೇ ಪರಾವಲಂಬನ. ಕೊಂಬೆ ಗಟ್ಟಿಯಾಗಿರುವ ತನಕ ಜೋತುಬಿದ್ದವನಿಗೆ ಭಯವಿಲ್ಲ. ಆದರೆ ಕೊಡಲಿಯು ಬೇರೊಬ್ಬನ ಕೈಯಲ್ಲಿರುವಾಗ ಕೊಂಬೆಯ ಗಟ್ಟಿತನವೊಂದನ್ನೇ ನಂಬಿ ನಿಶ್ಚಿಂತನಾಗಿರುವುದು ವಿವೇಕವಲ್ಲ. ರಾಷ್ಟ್ರಜೀವನಕ್ಕೂ ಈ ಮಾತು ಸಲ್ಲುತ್ತದೆ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಶಿರ್ವದ ಸನಿಹದಲ್ಲಿರುವ ಎಲ್ಲೂರಿನಲ್ಲಿ ತಲಾ ೬೦೦ ಮೆಗಾವಾಟ್ ಸಾಮರ್ಥ್ಯದ ಎರಡು ಘಟಕಗಳುಳ್ಳ ಉಷ್ಣವಿದ್ಯುತ್ ಸ್ಥಾವರವಿದೆ. ನೆಲ ನಮ್ಮದು, ದುಡಿಮೆ ನಮ್ಮದು. ಆದರೆ ಹೊರದೇಶದ ಕಲ್ಲಿದ್ದಲನ್ನೇ ನೆಚ್ಚಿ ಅದನ್ನು ಕಟ್ಟಲಾಗಿದೆ. ಆ ಇದ್ದಲು ಹಡಗನ್ನೇರಿ ನವಮಂಗಳೂರು ಬಂದರಿಗೆ ಬರಬೇಕು. ಯಂತ್ರವು ನಮ್ಮ ಅಂಗಳದಲ್ಲಿದ್ದ ಮಾತ್ರಕ್ಕೆ ಅದರ ಪ್ರಾಣವೂ ನಮ್ಮ ಕೈಯಲ್ಲಿದೆಯೆಂದು ಹೇಳುವಂತಿಲ್ಲವೆಂಬುದನ್ನು ವಿದ್ಯಾರ್ಥಿಗಳು ಮೊದಲು ಮನಗಾಣಬೇಕು.

ದೀಪದ ಬಲೆಯ ಕಥೆ

ವಿದ್ಯುತ್ತು ಬರುವುದಕ್ಕೆ ಮೊದಲು ನಮ್ಮ ಕರಾವಳಿಯ ಬಯಲಾಟಗಳಿಗೆ ದೊಂದಿಯೂ ಅನಂತರ ಗ್ಯಾಸ್‌ಲೈಟೂ ಬೆಳಕಾಗಿದ್ದುವು. ಗ್ಯಾಸ್‌ಲೈಟಿನೊಳಗೆ ಬೆಳ್ಳಗೆ ಹೊಳೆಯುತ್ತಿದ್ದ ಆ ಪುಟ್ಟ ಬಲೆಯನ್ನು ಹಿರಿಯರು ಬಲ್ಲರು. ಆಸ್ಟ್ರಿಯಾ ದೇಶದ ರಸಾಯನವಿಜ್ಞಾನಿ ಕಾರ್ಲ್ ಔಅರ್ ಫಾನ್ ವೆಲ್ಸ್‌ಬಾಖ್ ರೂಪಿಸಿದ ವಸ್ತು ಅದು. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಥೋರಿಯಂ ಆಕ್ಸೈಡ್, ಒಂದು ಪಾಲು ಸೀರಿಯಂ ಆಕ್ಸೈಡ್. ಈ ಎರಡು ಧಾತುಗಳಿಗೂ ಆಕರವಾದುದು ಮೊನಜೈಟ್ ಎಂಬ ಮರಳು.

ಆ ಮರಳು ಅಂದಿನ ತಿರುವಾಂಕೂರಿನ ಕಡಲಂಚಿನಲ್ಲಿ ಹೇರಳವಾಗಿತ್ತು. ಆದರೆ ನಾವು ಅದನ್ನು ತುಳಿದು ನಡೆದೆವೇ ಹೊರತು ತಿಳಿದು ನೋಡಲಿಲ್ಲ. ೧೯೦೯ರಲ್ಲಿ ಶೊಂಬರ್ಗ್ ಎಂಬ ಜರ್ಮನ್ ರಸಾಯನವಿಜ್ಞಾನಿಯು ಅಲ್ಲಿಂದ ರಫ್ತಾದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಅದನ್ನು ಗುರುತಿಸಿದನು. ಬಳಿಕ ಮರಳು ಕಚ್ಚಾವಸ್ತುವಾಗಿ ಹಡಗನ್ನೇರಿತು. ದೀಪದ ಬಲೆಗಳು ಸಿದ್ಧವಸ್ತುಗಳಾಗಿ ಹೊರನಾಡುಗಳಿಂದ ಬಂದುವು. ಕನ್ನಡದಲ್ಲಿ ‘ಮರಳು’ ಎಂದರೆ ಉಸುಕು. ‘ಮರಳು’ ಎಂದರೆ ಹಿಂತಿರುಗು. ನಮ್ಮ ಮರಳು ಮರಳಿ ಬಂದಾಗ ಅದರ ಬೆಲೆ ಬೇರೆಯಾಗಿತ್ತು, ಒಡೆತನವೂ ಬೇರೆಯಾಗಿತ್ತು. ೧೯೧೪ರಲ್ಲಿ ಮಹಾಯುದ್ಧ ಮೊದಲಾದಾಗ ಬ್ರಿಟಿಷರು ಈ ವ್ಯಾಪಾರದಲ್ಲಿದ್ದ ಜರ್ಮನರ ಹಿಡಿತವನ್ನು ಬಿಡಿಸಿದರು. ಒಡೆಯರು ಬದಲಾದರೇ ಹೊರತು ಮರಳಿನ ದಾರಿ ಬದಲಾಗಲಿಲ್ಲ.

ಇಂದಿನ ಕಥೆಯೂ ಅದೇ

ಅದೇ ವೆಲ್ಸ್‌ಬಾಖ್ ೧೮೮೫ರಲ್ಲಿ ನಿಯೋಡಿಮಿಯಂ ಎಂಬ ಧಾತುವನ್ನು ಬೇರ್ಪಡಿಸಿದ್ದನು. ಅದೂ ಮೊನಜೈಟಿನಲ್ಲಿದೆ. ನಿಯೋಡಿಮಿಯಂ, ಕಬ್ಬಿಣ, ಬೋರಾನ್‌ಗಳು ಕೂಡಿದ ಪ್ರಬಲ ಅಯಸ್ಕಾಂತವು ೧೯೮೦ರ ದಶಕದಲ್ಲಿ ಸಿದ್ಧವಾಯಿತು. ಇಂದು ವಿದ್ಯುಚ್ಚಾಲಿತ ವಾಹನದ ಮೋಟಾರು, ಮೊಬೈಲಿನ ಧ್ವನಿವರ್ಧಕ, ಗಣಕಯಂತ್ರದ ಹಾರ್ಡ್‌ಡಿಸ್ಕ್ ಮುಂತಾದವುಗಳಲ್ಲಿ ಅದು ನೆಲೆಸಿದೆ.

ಇಂತಹ ಧಾತುಗಳು ಹದಿನೇಳು. ‘ವಿರಳ ಭಸ್ಮಧಾತುಗಳು’ ಎಂಬುದು ಅವುಗಳ ಹೆಸರು. ಅವು ನಿಜವಾಗಿ ಅಷ್ಟೇನೂ ವಿರಳವಲ್ಲ. ಒಂದೇ ಮನೆಯ ಮಕ್ಕಳಂತೆ ಗುಣದಲ್ಲಿ ಒಂದನ್ನೊಂದು ಹೋಲುವುದರಿಂದ ಬೇರ್ಪಡಿಸುವುದು ಕಷ್ಟ; ನೂರಾರು ಹಂತಗಳ ಶೋಧನೆ ಬೇಕು; ಉಳಿಯುವ ತ್ಯಾಜ್ಯವೂ ಅಪಾಯಕರ. ಈ ಶ್ರಮವನ್ನೂ ಮಾಲಿನ್ಯವನ್ನೂ ಚೀನಾ ದೇಶವು ದಶಕಗಳ ಕಾಲ ವಹಿಸಿಕೊಂಡು ಅಗ್ಗವಾಗಿ ಮಾರಿತು. ಇತರರು ಗಣಿಗಳನ್ನು ಮುಚ್ಚಿದರು. ಅಮೆರಿಕದ ಮೌಂಟನ್ ಪಾಸ್ ಗಣಿಯು ೨೦೦೨ರಲ್ಲಿ ನಿಂತು, ಎಷ್ಟೋ ವರ್ಷಗಳ ಮೇಲೆ ಪುನಃ ತೆರೆಯಿತು. ಇಂದು ಲೋಕದ ಶುದ್ಧೀಕರಣದಲ್ಲಿ ಸುಮಾರು ನೂರಕ್ಕೆ ತೊಂಬತ್ತು ಪಾಲು ಚೀನಾದ್ದೇ. ಆದುದರಿಂದ ಈ ಪ್ರಾಬಲ್ಯಕ್ಕೆ ಚೀನಾದ ದುಡಿಮೆಯಷ್ಟೇ ಇತರರ ಔದಾಸೀನ್ಯವೂ ಕಾರಣವೆಂಬುದು ಸ್ಪಷ್ಟ.

೨೦೨೫ರ ಏಪ್ರಿಲಿನಲ್ಲಿ ಚೀನಾವು ಏಳು ವಿರಳ ಧಾತುಗಳ ಮತ್ತು ಅವುಗಳಿಂದಾದ ಅಯಸ್ಕಾಂತಗಳ ರಫ್ತಿಗೆ ಪರವಾನಗಿಯ ಕಟ್ಟು ಹಾಕಿತು. ಭಾರತದ ವಾಹನ ಕಾರ್ಖಾನೆಗಳು ಚಿಂತೆಗೀಡಾದುವು. ಸಣ್ಣ ಅಯಸ್ಕಾಂತವೊಂದಿಲ್ಲದೆ ದೊಡ್ಡ ಬಂಡಿ ಹೊರಡದು.

ಜಪಾನಿನಿಂದ ಕಲಿಯಬೇಕಾದುದು

೨೦೧೦ರಲ್ಲಿ ದ್ವೀಪವಿವಾದದ ಸಂದರ್ಭದಲ್ಲಿ ಜಪಾನಿಗೆ ಈ ಸಂಕಟ ಒದಗಿತ್ತು. ಆ ದೇಶವು ರೋದಿಸುತ್ತ ಕೂಡಲಿಲ್ಲ. ಆಸ್ಟ್ರೇಲಿಯಾದ ಲೈನಸ್ ಸಂಸ್ಥೆಗೆ ಬಂಡವಾಳ ಕೊಟ್ಟಿತು, ಕಡಿಮೆ ಧಾತುವಿನಿಂದ ಕೆಲಸ ಸಾಧಿಸುವ ಬಗೆಯನ್ನು ಶೋಧಿಸಿತು, ಹಳೆಯ ಯಂತ್ರಗಳಿಂದ ಧಾತುವನ್ನು ಹಿಂಪಡೆಯಿತು, ದಾಸ್ತಾನು ಇರಿಸಿತು. ನೂರಕ್ಕೆ ಸುಮಾರು ತೊಂಬತ್ತರಷ್ಟಿದ್ದ ಅವಲಂಬನೆಯು ಕಾಲಕ್ರಮದಲ್ಲಿ ಅರುವತ್ತರ ಆಸುಪಾಸಿಗೆ ಇಳಿಯಿತು. ಅದು ಸೊನ್ನೆಯಾಗಲಿಲ್ಲ, ಸೊನ್ನೆಯಾಗಬೇಕೆಂಬ ಹಟವೂ ಇರಲಿಲ್ಲ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರಬೇಕು ಎಂಬುದೇ ಅದರ ನೀತಿ.

ನಮ್ಮ ಯತ್ನ, ನಮ್ಮ ಮಿತಿ

ಭಾರತವು ಸುಮ್ಮನೆ ಕುಳಿತಿತ್ತೆನ್ನಲಾಗದು. ೧೯೫೦ರಲ್ಲೇ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ ಹುಟ್ಟಿತು. ಕೇರಳದ ಆಲುವಾದಲ್ಲಿ ಅದರ ಕಾರ್ಖಾನೆ ೧೯೫೨ರಿಂದ ನಡೆದಿದೆ. ವಿದ್ಯುನ್ಮಾನ ರಂಗದಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ ರಕ್ಷಣೆಯ ಉಪಕರಣಗಳನ್ನು ತಯಾರಿಸುತ್ತ ಬಂದಿದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಮೊಬೈಲುಗಳು ಸಿದ್ಧವಾಗುತ್ತಿವೆ. ಆ ಕಾರ್ಖಾನೆಯನ್ನು ೨೦೨೩ರಲ್ಲಿ ಟಾಟಾ ಸಂಸ್ಥೆ ಕೊಂಡಿತು. ಆದರೆ ಜೋಡಿಸುವುದು ಬೇರೆ, ನಿರ್ಮಿಸುವುದು ಬೇರೆ. ಒಳಗಿನ ಬಿಡಿಭಾಗಗಳಲ್ಲಿ ಬಹಳಷ್ಟು ಇನ್ನೂ ಹೊರಗಿನಿಂದಲೇ ಬರುತ್ತವೆ. ಹೊಲಿಗೆ ಕಲಿತವನು ನೇಯ್ಗೆಯನ್ನೂ, ಬಳಿಕ ಹತ್ತಿಯ ಬೇಸಾಯವನ್ನೂ ಕಲಿಯಬೇಕಾಗುತ್ತದೆ.

ಈ ಉದ್ದೇಶದಿಂದಲೇ ೨೦೨೫ರ ಜನವರಿಯಲ್ಲಿ ಕೇಂದ್ರ ಸರಕಾರವು ನಿರ್ಣಾಯಕ ಖನಿಜಗಳ ರಾಷ್ಟ್ರೀಯ ಯೋಜನೆಗೂ, ಅದೇ ವರ್ಷ ನವೆಂಬರಿನಲ್ಲಿ ವರ್ಷಕ್ಕೆ ೬,೦೦೦ ಟನ್ನು ಅಯಸ್ಕಾಂತ ತಯಾರಿಸುವ ೭,೨೮೦ ಕೋಟಿ ರೂಪಾಯಿಗಳ ಯೋಜನೆಗೂ ಒಪ್ಪಿಗೆ ಕೊಟ್ಟಿತು. ಆದರೂ ಒಂದು ಕೊರತೆಯುಂಟು. ನಮ್ಮ ಮೊನಜೈಟಿನಲ್ಲಿ ನಿಯೋಡಿಮಿಯಂ ಇದೆ. ಬಿಸಿಯನ್ನು ತಾಳಲು ಅಯಸ್ಕಾಂತಕ್ಕೆ ಬೆರೆಸುವ ಡಿಸ್ಪ್ರೋಸಿಯಂ ಅತ್ಯಲ್ಪ. ಅದಕ್ಕಾಗಿ ಅನ್ಯರೊಡನೆ ಸ್ನೇಹ ಬೇಕೇ ಬೇಕು.

ಇನ್ನೊಂದು ವಿಚಾರ ಕರಾವಳಿಯವರಾದ ನಮಗೆ ಅತಿ ಮುಖ್ಯ. ಕೇರಳದ ಕೊಲ್ಲಂ ಜಿಲ್ಲೆಯ ಆಲಪ್ಪಾಡಿನಲ್ಲಿ ಮರಳು ಗಣಿಗಾರಿಕೆಯಿಂದ ತಮ್ಮ ನೆಲವು ಕಡಲ ಪಾಲಾಗುತ್ತಿದೆಯೆಂದು ಬೆಸ್ತರು ೨೦೧೮-೧೯ರಲ್ಲಿ ದೊಡ್ಡ ಚಳವಳಿ ನಡೆಸಿದರು. ಕಡಲ್ಕೊರೆತವನ್ನು ಕಂಡುಂಡ ಕಾಪು, ಪಡುಬಿದ್ರಿಗಳ ಜನಕ್ಕೆ ಆ ಅಳಲನ್ನು ವಿವರಿಸಬೇಕಾಗಿಲ್ಲ. ರಾಷ್ಟ್ರದ ಸ್ವಾವಲಂಬನೆಗಾಗಿ ಒಂದು ಊರು ನಿರವಲಂಬವಾಗುವುದಾದರೆ ಆ ಲೆಕ್ಕ ಸರಿಯಾದುದಲ್ಲ. ಅಗೆಯುವ ಮೊದಲು ಅಲ್ಲಿಯ ಜನರನ್ನು ಕೇಳಬೇಕು. ಅಗೆದ ಮೇಲೆ ನೆಲವನ್ನು ತುಂಬಿ ಕೊಡಬೇಕು.

ವಿದ್ಯಾರ್ಥಿಗಳ ಕರ್ತವ್ಯ

ಅಗೆಯದೆಯೇ ದೊರೆಯುವ ಗಣಿಯೊಂದು ಮನೆಮನೆಯಲ್ಲೂ ಇದೆ. ಕೆಟ್ಟ ಗಣಕಯಂತ್ರ, ಮೂಲೆಗೆ ಬಿದ್ದ ಮೊಬೈಲು ಇವುಗಳಲ್ಲಿ ತಾಮ್ರವಿದೆ, ಚಿನ್ನದ ಲೇಪವಿದೆ, ಅಯಸ್ಕಾಂತವಿದೆ. ಇವನ್ನು ಹಿಂಪಡೆದು ಸಂಸ್ಕರಿಸುವ ಹೊಣೆಯನ್ನು ೨೦೨೨ರ ಇ-ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ತಿಪ್ಪೆಗೆ ಎಸೆಯದೆ, ಸುಡದೆ, ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸುವುದು ನಮ್ಮ ಹೊಣೆ. ರಿಪೇರಿಯಾಗುವುದನ್ನು ರಿಪೇರಿ ಮಾಡಿಸಿ ಬಳಸುವುದು ಅದಕ್ಕಿಂತಲೂ ಮೇಲು.

ಎರಡನೆಯದು ವಿದ್ಯೆ. ಶೊಂಬರ್ಗನು ಕಂಡ ಮರಳನ್ನು ನಮ್ಮವರೂ ದಿನವೂ ಕಾಣುತ್ತಿದ್ದರು. ಕೊರತೆ ಇದ್ದುದು ಮರಳಿನಲ್ಲಲ್ಲ, ರಸಾಯನಶಾಸ್ತ್ರದಲ್ಲಿ. ಧಾತುಶಾಸ್ತ್ರವನ್ನೂ ಲೋಹವಿದ್ಯೆಯನ್ನೂ ಶ್ರದ್ಧೆಯಿಂದ ಕಲಿಯುವವರು ನಮ್ಮ ಶಾಲೆಗಳಿಂದ ಹೊರಡಬೇಕು. ಪರದೇಶದ್ವೇಷದಿಂದ ಯಾವ ಧಾತುವೂ ಶುದ್ಧವಾಗದು. ಅದಕ್ಕೆ ಬೇಕಾದುದು ಬಹುಕಾಲದ ಅಭ್ಯಾಸ.

ಮನನಕ್ಕೆ

೧. ಜೋಡಿಸುವುದಕ್ಕೂ ನಿರ್ಮಿಸುವುದಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಊರಿನ ಒಂದು ಕಸುಬಿನ ನಿದರ್ಶನದಿಂದ ವಿವರಿಸಿರಿ.

೨. ನಿಮ್ಮ ಮನೆಯಲ್ಲಿರುವ ಕೆಟ್ಟ ವಿದ್ಯುನ್ಮಾನ ವಸ್ತುಗಳ ಪಟ್ಟಿ ಮಾಡಿ, ಯಾವುವನ್ನು ರಿಪೇರಿ ಮಾಡಿಸಬಹುದೆಂದು ವಿಚಾರಿಸಿರಿ.

೩. ದೇಶದ ಹಿತಕ್ಕೂ ಕಡಲಂಚಿನ ಜನರ ಹಿತಕ್ಕೂ ವಿರೋಧ ತೋರಿದಾಗ ನ್ಯಾಯವು ಹೇಗಿರಬೇಕು? ಚರ್ಚಿಸಿರಿ.