ಊರಿಗೆ ಹೊರಟಾಗ ಯಾವ ಒಡವೆ?

ಮಕ್ಕಳ ಪರೀಕ್ಷೆ ಮುಗಿಯಿತು. ಮದುವೆ ಕಾಲ ಬಂತು. ಮನೆಗೆ ಲಗ್ನಪತ್ರಿಕೆ ಬಂದಿದೆ. ಈಗ ಅದನ್ನು ನೀವೇ ಓದುತ್ತೀರಿ. ಯಾರ ಮದುವೆ, ಯಾವ ಛತ್ರ, ಎಷ್ಟು ಗಂಟೆಗೆ ಮುಹೂರ್ತ, ಎಲ್ಲ ಗೊತ್ತಾಯಿತು. ಪತ್ರಿಕೆಯಲ್ಲಿ ಬರೆಯದ ಒಂದು ಮಾತು ಉಳಿಯಿತು. ಯಾವ ಒಡವೆ ಹಾಕ್ಕೊಂಡು ಹೋಗೋದು?

ಇದು ಸಣ್ಣ ಮಾತು ಅಲ್ಲ. ಸೈಟು ಗಂಡನ ಹೆಸರಲ್ಲಿ ಇರುತ್ತದೆ. ಗಾಡಿ ಮಗನ ಹೆಸರಲ್ಲಿ ಇರುತ್ತದೆ. ಹೆಂಗಸಿನ ಕೈಯಲ್ಲಿ ಇರುವ ಆಸ್ತಿ ಅಂದರೆ ಬಹಳ ಮನೆಗಳಲ್ಲಿ ಒಡವೆ ಒಂದೇ. ಚೀಟಿ ಹಾಕಿ, ಓಟಿ ಮಾಡಿ, ವರ್ಷಕ್ಕೆ ಒಂದೆರಡು ಗ್ರಾಂ ಸೇರಿಸಿ ಮಾಡಿಸಿದ್ದು. ಮಗಳ ಫೀಸಿಗೆ ಅಡ ಇಟ್ಟು, ಮತ್ತೆ ಬಿಡಿಸಿಕೊಂಡಿದ್ದು. ಅದು ದಾರಿಯಲ್ಲಿ ಹೋದರೆ ಏನು ಹೋಯಿತು ಅಂತ ನಿಮಗೇ ಗೊತ್ತು.

ಅತ್ತೆ ಸೊಸೆ ಮಾತು

ಕೆಂಗೇರಿ ಉಪನಗರದಲ್ಲಿ ಒಂದು ಮನೆ ಎಂದು ಇಟ್ಟುಕೊಳ್ಳಿ. ಸೊಸೆ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಅತ್ತೆ ಮನೆಯಲ್ಲಿ ಹೂ ಕಟ್ಟುತ್ತಾರೆ. ಮಂಡ್ಯದಲ್ಲಿ ಅತ್ತೆಯ ತಮ್ಮನ ಮಗಳ ಮದುವೆ. ಕೆಂಗೇರಿ ಸ್ಟೇಷನ್ನಿನಲ್ಲಿ ರೈಲು ಹತ್ತಬೇಕು. ಸಂಜೆ ಆರತಕ್ಷತೆ. ರಾತ್ರಿ ಛತ್ರದಲ್ಲೇ ಮಲಗಬೇಕು. ಬೆಳಗ್ಗೆ ಧಾರೆ. ಮಾರನೇ ದಿನ ಶ್ರೀರಂಗಪಟ್ಟಣಕ್ಕೆ ಹೋಗಿ, ಕಾವೇರಿಯಲ್ಲಿ ಮಿಂದು, ರಂಗನಾಥನ ದರ್ಶನ ಮಾಡಿ, ಬಸ್ಸಿನಲ್ಲಿ ವಾಪಸು.

"ಎಲ್ಲಾ ಹಾಕ್ಕೊಂಡು ಬಾರವ್ವ," ಅಂದರು ಅತ್ತೆ. "ನನ್ನ ತವರು ಮನೆ ಮದುವೆ. ಬರೀ ಕತ್ತಲ್ಲಿ ಬಂದ್ರೆ ನೆಂಟ್ರು ಏನಂತಾರೆ? ನನ್ನ ಕಾಸಿನ ಸರಾನೂ ನೀನೇ ಹಾಕ್ಕೊ."

"ಅತ್ತೆ, ರೈಲಲ್ಲಿ ನಮ್ಮನ್ನ ನೋಡೋರು ಯಾರು?" ಅಂದಳು ಸೊಸೆ. "ಹೊಳೇಲಿ ನೋಡೋರು ಯಾರು?"

ಸೊಸೆ ಮಗಳ ಹಳೇ ನೋಟ್‌ಬುಕ್ಕು ತೆಗೆದಳು. ಕಲಿಕಾ ಕೇಂದ್ರದಲ್ಲಿ ಕಲಿತ ಹಾಗೆ ಗೆರೆ ಹಾಕಿ, ಪಟ್ಟಿ ಬರೆದಳು.

ತಾಳಿ, ಗುಂಡು: 4 ಗ್ರಾಂ
ಎರಡೆಳೆ ಸರ: 20 ಗ್ರಾಂ
ನೆಕ್ಲೇಸು: 16 ಗ್ರಾಂ
ಓಲೆ, ಜುಮುಕಿ: 6 ಗ್ರಾಂ
ಬಳೆ 2: 16 ಗ್ರಾಂ
ಉಂಗುರ: 3 ಗ್ರಾಂ
ಒಟ್ಟು: 65 ಗ್ರಾಂ

ಪಕ್ಕದಲ್ಲಿ ಅತ್ತೆಯ ಕಾಸಿನ ಸರ ಬರೆದಳು. ಅದು 4 ಪವನು. ಒಂದು ಪವನು ಅಂದರೆ 8 ಗ್ರಾಂ. ಹಾಗಾದರೆ 32 ಗ್ರಾಂ.

ಆಮೇಲೆ ಒಂದೊಂದಾಗಿ ಕೇಳಿಕೊಂಡಳು. ಇದು ಎಲ್ಲಿ ಬೇಕು? ಎಷ್ಟು ಹೊತ್ತು ಬೇಕು? ಹಾಕಿಕೊಳ್ಳದ ಹೊತ್ತಿನಲ್ಲಿ ಇದನ್ನು ಎಲ್ಲಿ ಇಡುವುದು? ಮೂರನೇ ಪ್ರಶ್ನೆ ಬಹಳ ಮುಖ್ಯ. ನಾವು ಅದನ್ನು ಕೇಳುವುದೇ ಇಲ್ಲ. ಆರತಕ್ಷತೆಗೆ ಎರಡು ಗಂಟೆ ಹಾಕಿಕೊಂಡ ಒಡವೆಯನ್ನು ಉಳಿದ ಎರಡು ದಿನ ಕಾಯಬೇಕು. ಮಲಗಿದಾಗ ಕಾಯಬೇಕು. ಸ್ನಾನಕ್ಕೆ ಹೋದಾಗ ಕಾಯಬೇಕು.

ನೆಕ್ಲೇಸು ಬೇಕು. ಜುಮುಕಿ ಬೇಕು. ಉಂಗುರ ಬೇಡ. ತಣ್ಣೀರಲ್ಲಿ ಬೆರಳು ಕುಗ್ಗುತ್ತದೆ, ಸೋಪು ಹಚ್ಚಿದರೆ ಜಾರುತ್ತದೆ. ಹೊಳೆಗೆ ಬಿದ್ದ ಉಂಗುರ ಹುಡುಕುವವರು ಯಾರು? ಚಿನ್ನದ ಬಳೆ ಬೇಡ. ಮದುವೆ ಮನೆಯಲ್ಲಿ ಹಸಿರು ಗಾಜಿನ ಬಳೆಯೇ ಚಂದ.

ಎರಡೆಳೆ ಸರದ ಹತ್ತಿರ ಸೊಸೆಯ ಪೆನ್ಸಿಲು ನಿಂತಿತು. ತಾಳಿ ಸರ ಬಿಚ್ಚುವುದು ಹೇಗೆ? ಅತ್ತೆ ಬೈಯುತ್ತಾರೆ ಅಂತ ಹೆದರಿದಳು.

ಅತ್ತೆ ಬೈಯಲಿಲ್ಲ. "ತಾಳಿ ಬಿಚ್ಚಬ್ಯಾಡ. ಸರ ಬಿಚ್ಚು," ಅಂದರು. "ನಮ್ಮವ್ವ ಗದ್ದೆಗೆ ಹೋಗುವಾಗ ತಾಳೀನ ಅರಿಶಿನದ ದಾರಕ್ಕೆ ಪೋಣಿಸಿ ಕಟ್ಕೊಳ್ತಿದ್ಲು. ಚಿನ್ನದ ಸರ ಇರ್ತಿದ್ದಿದ್ದು ಹಬ್ಬಕ್ಕೆ."

ಹಾಗೇ ಆಯಿತು. ತಾಳಿಯನ್ನು ಕರಿಮಣಿ ದಾರಕ್ಕೆ ಪೋಣಿಸಿದರು. ಸೊಸೆ ಜೊತೆ ಹೊರಟಿದ್ದು 4, 16, 6. ಒಟ್ಟು 26 ಗ್ರಾಂ. ಉಳಿದಿದ್ದು 20, 16, 3. ಒಟ್ಟು 39 ಗ್ರಾಂ. ಒಂದು ಗ್ರಾಂಗೆ 10,000 ರೂಪಾಯಿ ಎಂದು ಲೆಕ್ಕ ಹಾಕೋಣ. (ಇದು ಲೆಕ್ಕ ಸುಲಭ ಆಗಲಿ ಅಂತ ಹೇಳಿದ್ದು. ಆ ದಿನದ ದರವನ್ನು ಅಂಗಡಿಯಲ್ಲಿ ಕೇಳಿ.) 39 ಗ್ರಾಂ ಅಂದರೆ 3,90,000 ರೂಪಾಯಿ. ಇಷ್ಟು ಆಸ್ತಿ ದಾರಿಗೆ ಬೀಳದೆ ಉಳಿಯಿತು. ಇದು ನಿಮ್ಮ ಎಷ್ಟು ತಿಂಗಳ ಸಂಬಳ? ನೀವೇ ಲೆಕ್ಕ ಮಾಡಿ.

ಕಾಸಿನ ಸರ? ಅದನ್ನು ಅತ್ತೆ ತಾವೇ ಹಾಕಿಕೊಂಡರು. ಸೊಸೆ ಬೇಡ ಎಂದರೂ ಕೇಳಲಿಲ್ಲ. "ನಮ್ಮವ್ವ ಕೊಟ್ಟಿದ್ದು. ನಮ್ಮವ್ವನ ಮನೆ ಮದುವೆಗೆ ಹಾಕ್ದೆ ಇನ್ಯಾವಾಗ ಹಾಕಲಿ?" ಅಂದರು. ರವಿಕೆಗೆ ಸೇರಿಸಿ ಪಿನ್ನು ಹಾಕಿ, ಮೇಲೆ ಸೆರಗು ಹೊದ್ದರು. ನನಗೆ ಕೇಳಿದರೆ 32 ಗ್ರಾಂ ಮನೆಯಲ್ಲಿ ಇರಬೇಕಿತ್ತು. ಆದರೆ ಸರ ಅವರದು. ತೀರ್ಮಾನವೂ ಅವರದೇ.

ಒಡವೆ ಯಾರದು?

ಹೆಣ್ಣಿಗೆ ತವರಿನವರು, ನೆಂಟರು, ಗಂಡನ ಮನೆಯವರು ಉಡುಗೊರೆಯಾಗಿ ಕೊಟ್ಟ ಒಡವೆಗೆ ಸ್ತ್ರೀಧನ ಎಂದು ಹೆಸರು. ಮದುವೆಗೆ ಮುಂಚೆ ಕೊಟ್ಟರೂ ಅಷ್ಟೇ, ಮದುವೆಯಲ್ಲಿ ಕೊಟ್ಟರೂ ಅಷ್ಟೇ, ಆಮೇಲೆ ಕೊಟ್ಟರೂ ಅಷ್ಟೇ. ಅದು ಅವಳ ಸ್ವಂತ ಆಸ್ತಿ. 1985ರಲ್ಲಿ ಸುಪ್ರೀಂ ಕೋರ್ಟು ಇದನ್ನು ಹೇಳಿದೆ. 2024ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೇಳಿದೆ. ಗಂಡ ಕಷ್ಟಕಾಲದಲ್ಲಿ ಬಳಸಿಕೊಳ್ಳಬಹುದು, ಆದರೆ ವಾಪಸು ಕೊಡಬೇಕು. ಗಂಡ ಹೆಂಡತಿ ಇಬ್ಬರಿಗೂ ಸೇರಿದ ಆಸ್ತಿ ಅಲ್ಲ ಅದು.

ಇದನ್ನು ಇಲ್ಲಿ ಯಾಕೆ ಹೇಳಿದೆ? "ಎಲ್ಲಾ ಹಾಕ್ಕೊ, ಮನೆ ಮರ್ಯಾದೆ ಪ್ರಶ್ನೆ" ಅಂತ ಹೇಳುವವರು ಬಹಳ. ಕಳೆದು ಬಂದರೆ "ನಿನಗೆ ಜವಾಬ್ದಾರಿ ಇಲ್ಲ" ಎನ್ನುವವರೂ ಅವರೇ. ಹೊರುವವಳು ನೀವು. ಯಾವುದನ್ನು ಹೊರಬೇಕು ಅಂತ ಹೇಳುವ ಬಾಯಿಯೂ ನಿಮ್ಮದಾಗಲಿ.

ಮನೆಯಲ್ಲಿ ಬಿಟ್ಟದ್ದನ್ನು ಎಲ್ಲಿ ಇಡುವುದು?

ಅಕ್ಕಿ ಡಬ್ಬ ಬೇಡ. ದೇವರ ಪಟದ ಹಿಂದೆ ಬೇಡ. ಬೀರುವಿನಲ್ಲಿ ಸೀರೆ ಮಡಿಕೆಯೊಳಗೂ ಬೇಡ. ಈ ಜಾಗಗಳು ನಮಗೆ ಗೊತ್ತಿರುವ ಹಾಗೆ ಕಳ್ಳನಿಗೂ ಗೊತ್ತು.

ಬ್ಯಾಂಕ್ ಲಾಕರ್ ಇದ್ದರೆ ಒಳ್ಳೆಯದು. ವರ್ಷಕ್ಕೆ ಇಷ್ಟು ಎಂದು ಬಾಡಿಗೆ ಕಟ್ಟಬೇಕು. 2022ರ ಜನವರಿ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಿದೆ. ಬ್ಯಾಂಕಿನಲ್ಲಿ ಬೆಂಕಿ ಬಿದ್ದರೆ, ಕಳ್ಳತನ ಆದರೆ, ಕಟ್ಟಡ ಕುಸಿದರೆ, ನೌಕರರು ಮೋಸ ಮಾಡಿದರೆ ಬ್ಯಾಂಕು ಪರಿಹಾರ ಕೊಡಬೇಕು. ಆದರೆ ಅದಕ್ಕೆ ಮಿತಿ ಇದೆ. ವರ್ಷದ ಬಾಡಿಗೆಯ 100 ಪಟ್ಟು. ಬಾಡಿಗೆ 2,000 ರೂಪಾಯಿ ಇದ್ದರೆ ಮಿತಿ 2,00,000 ರೂಪಾಯಿ. ಲಾಕರ್ ಪತ್ರಕ್ಕೆ ಸಹಿ ಹಾಕುವ ಮುಂಚೆ ಓದಿ. ನಾಮಿನಿ ಯಾರು ಎಂಬ ಜಾಗ ಖಾಲಿ ಬಿಡಬೇಡಿ. ನಾಮಿನಿ ಎಂದರೆ ನಿಮ್ಮ ನಂತರ ಲಾಕರ್ ತೆರೆಯಲು ನೀವು ಹೆಸರು ಕೊಟ್ಟವರು.

ಲಾಕರ್ ಎಲ್ಲರಿಗೂ ಎಲ್ಲಿ ಸಿಗುತ್ತದೆ? ಕೆಲವರು ಒಂದು ಉಪಾಯ ಮಾಡುತ್ತಾರೆ. ತಿಂಗಳುಗಟ್ಟಲೆ ಊರಿಗೆ ಹೋಗುವಾಗ ಬ್ಯಾಂಕಿನಲ್ಲಿ ಒಡವೆ ಇಟ್ಟು ಸಣ್ಣ ಸಾಲ ತೆಗೆಯುತ್ತಾರೆ. ಬಡ್ಡಿ ಸ್ವಲ್ಪ ಬೀಳುತ್ತದೆ, ಒಡವೆ ಬ್ಯಾಂಕಿನ ಖಜಾನೆಯಲ್ಲಿ ಇರುತ್ತದೆ. ಹೀಗೆ ಮಾಡುವುದಾದರೆ ಚೀಟಿಯಲ್ಲಿ ಮೂರು ಓದಿ. ತೂಕ, ಬಡ್ಡಿ, ಬಿಡಿಸಬೇಕಾದ ತಾರೀಖು. ಎರಡು ದಿನದ ಮದುವೆಗೆ ಇಷ್ಟೆಲ್ಲ ಬೇಕಿಲ್ಲ.

ನಮ್ಮ ಸೊಸೆ ರಾಜಾಜಿನಗರದ ಅಕ್ಕನ ಮನೆಯಲ್ಲಿ ಇಟ್ಟಳು. ಆ ಮನೆಯಲ್ಲಿ ಯಾವಾಗಲೂ ಜನ ಇರುತ್ತಾರೆ. ಒಂದೇ ಪಟ್ಟಿಯನ್ನು ಎರಡು ಹಾಳೆಯಲ್ಲಿ ಬರೆದರು. ಎರಡಕ್ಕೂ ಇಬ್ಬರೂ ಸಹಿ ಹಾಕಿದರು. ಒಂದು ಅಕ್ಕನ ಹತ್ತಿರ, ಒಂದು ತಂಗಿಯ ಹತ್ತಿರ. "ಸ್ವಂತ ಅಕ್ಕನಿಗೆ ಕಾಗದ ಯಾಕೆ?" ಎಂದು ಗಂಡ ನಕ್ಕ. ಅಕ್ಕ ನಗಲಿಲ್ಲ. "ನಂಗೂ ನಿರಾಳ ಕಣಪ್ಪ," ಅಂದಳು.

ಇನ್ನೊಂದು ಮಾತು. ಊರಿಗೆ ಹೊರಟ ಫೋಟೋವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ಮನೆಗೆ ಬೀಗ ಬಿದ್ದಿದೆ ಅಂತ ಬೀದಿಗೆಲ್ಲ ಸಾರಿದ ಹಾಗೆ. ವಾಪಸು ಬಂದ ಮೇಲೆ ಹಾಕಿ.

ಪಟ್ಟಿಯಲ್ಲಿ ಇನ್ನೇನು ಬರೆಯಬೇಕು?

ಒಡವೆಯ ಒಳಗಡೆ ಸಣ್ಣ ಗುರುತು ಕೊರೆದಿರುತ್ತದೆ. ಬೆಳಕಿಗೆ ಹಿಡಿದು ನೋಡಿ. ಇದೇ ಹಾಲ್‌ಮಾರ್ಕ್. 2021ರ ಜೂನ್ 16ರಿಂದ ಹಂತ ಹಂತವಾಗಿ ಇದು ಕಡ್ಡಾಯವಾಯಿತು. ಮೂರು ಗುರುತು ಇರಬೇಕು. ಮೊದಲನೆಯದು ತ್ರಿಕೋನದ ಹಾಗೆ ಕಾಣುವ ಬಿಐಎಸ್ ಚಿಹ್ನೆ. ಎರಡನೆಯದು ಶುದ್ಧತೆ. 22 ಕ್ಯಾರೆಟ್ ಆದರೆ 916 ಎಂದು ಇರುತ್ತದೆ. 1,000 ಪಾಲಿನಲ್ಲಿ 916 ಪಾಲು ಚಿನ್ನ ಎಂದು ಅರ್ಥ. 18 ಕ್ಯಾರೆಟ್ ಆದರೆ 750. ಮೂರನೆಯದು ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಸೇರಿದ 6 ಗುರುತು. ಇದಕ್ಕೆ ಎಚ್‌ಯುಐಡಿ ಎನ್ನುತ್ತಾರೆ. ಒಂದು ಒಡವೆಗೆ ಇರುವುದು ಇನ್ನೊಂದಕ್ಕೆ ಇರುವುದಿಲ್ಲ. 2023ರ ಏಪ್ರಿಲ್ 1ರಿಂದ ಅಂಗಡಿಯವರು ಹಾಲ್‌ಮಾರ್ಕ್ ಒಡವೆಯನ್ನು ಈ 6 ಗುರುತು ಇಲ್ಲದೆ ಮಾರುವಂತಿಲ್ಲ.

ಆ 6 ಗುರುತನ್ನು ಪಟ್ಟಿಯಲ್ಲಿ ತೂಕದ ಪಕ್ಕ ಬರೆಯಿರಿ. ಇಂಗ್ಲಿಷ್ ಅಕ್ಷರ ಇನ್ನೂ ಬಾರದಿದ್ದರೆ ಮಕ್ಕಳ ಕೈಲಿ ಬರೆಸಿ, ನೀವು ಒಂದೊಂದಾಗಿ ಹೋಲಿಸಿ ನೋಡಿ. ನಾಳೆ ಕಳುವಾದ ಮಾಲು ಸಿಕ್ಕರೆ "ಇದು ನಂದೇ" ಎಂದು ತೋರಿಸಲು ಅದು ಬೇಕು. ಅತ್ತೆಯ ಕಾಸಿನ ಸರದಂಥ ಹಳೇ ಒಡವೆಗೆ ಗುರುತು ಇರುವುದಿಲ್ಲ. ಅದಕ್ಕೆ ಫೋಟೋ ತೆಗೆಯಿರಿ. ಎಷ್ಟು ಕಾಸು, ಕೊಂಡಿ ಹೇಗಿದೆ, ಎಲ್ಲಿ ಬೆಸುಗೆ ಹಾಕಿದೆ, ಬರೆದಿಡಿ. ಹೊಸ ಒಡವೆ ಒಯ್ಯುವಾಗ ರಶೀದಿ ಜೊತೆಗಿರಲಿ. ಚುನಾವಣೆ ಕಾಲದಲ್ಲಿ ರಸ್ತೆಯಲ್ಲಿ ತಪಾಸಣೆ ಮಾಡುತ್ತಾರೆ.

ದಾರಿಯಲ್ಲಿ

ರೈಲಿನಲ್ಲಿ ಕಿಟಕಿ ಪಕ್ಕ ಗಾಳಿ ಚೆನ್ನಾಗಿರುತ್ತದೆ. ಆದರೆ ಸ್ಟೇಷನ್ ಬಿಟ್ಟು ರೈಲು ನಿಧಾನ ಹೋಗುವಾಗ ಹೊರಗಿನಿಂದ ಕೈ ಹಾಕಿ ಸರ ಕೀಳುವವರು ಇದ್ದಾರೆ. ಸೆರಗು ಹೊದ್ದುಕೊಳ್ಳಿ. ಬಸ್ಸಿನಲ್ಲಿ ಬೇರೆ ಕಷ್ಟ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಹೆಂಗಸರು ಧೈರ್ಯವಾಗಿ ಊರೂರು ತಿರುಗುತ್ತಿದ್ದಾರೆ. ನನಗೆ ಅದು ಬಹಳ ಸಂತೋಷ. ನೂಕುನುಗ್ಗಲು ಮಾತ್ರ ಇದೆ. ಹತ್ತುವಾಗ ಹಿಂದಿನಿಂದ ತಳ್ಳಿ, ಬ್ಯಾಗಿನ ಜಿಪ್ಪು ಎಳೆಯುತ್ತಾರೆ. ಅವರೂ ಸೀರೆ ಉಟ್ಟ ಹೆಂಗಸರೇ ಆಗಿರಬಹುದು. ಒಡವೆ ಡಬ್ಬಿಯನ್ನು ಹೆಗಲ ಬ್ಯಾಗಿನಲ್ಲಿ ಇಡಬೇಡಿ. ಬಟ್ಟೆಯ ಸಣ್ಣ ಚೀಲ ಹೊಲಿದು, ಒಳಲಂಗದ ಲಾಡಿಗೆ ಸೇರಿಸಿ ಕಟ್ಟಿಕೊಳ್ಳಿ. ಹೊಲಿಗೆ ನಿಮಗೆ ಹೇಳಿಕೊಡಬೇಕೆ?

ಈಗ ಹೇಳುವುದನ್ನು ಮನೆಯ ಅಜ್ಜಿಯರಿಗೂ ಓದಿ ಹೇಳಿ. ಬೀದಿಯಲ್ಲಿ ಇಬ್ಬರು ಬರುತ್ತಾರೆ. "ನಾವು ಪೊಲೀಸರು. ಮುಂದೆ ಗಲಾಟೆ ಆಗಿದೆ. ಒಡವೆ ಬಿಚ್ಚಿ ಪೇಪರಿನಲ್ಲಿ ಸುತ್ತಿ ಇಟ್ಕೊಳ್ಳಿ ಅಮ್ಮ," ಎನ್ನುತ್ತಾರೆ. ತಾವೇ ಸುತ್ತಿ ಕೊಡುತ್ತಾರೆ. ಮನೆಗೆ ಬಂದು ಬಿಚ್ಚಿದರೆ ಒಳಗೆ ಕಲ್ಲು. ನಿಜವಾದ ಪೊಲೀಸರು ಬೀದಿಯಲ್ಲಿ ನಿಮ್ಮ ಒಡವೆ ಬಿಚ್ಚಿಸಿ ಪೊಟ್ಟಣ ಕಟ್ಟಿಕೊಡುವುದಿಲ್ಲ. ಸರಕ್ಕೆ ಕೈ ಹಾಕಬೇಡಿ. ಜೋರಾಗಿ ಕೂಗಿ, ಪಕ್ಕದ ಅಂಗಡಿಯೊಳಗೆ ಹೋಗಿ.

ಛತ್ರದಲ್ಲಿ ಧಾರೆಯ ಹೊತ್ತು ಎಲ್ಲರೂ ಮಂಟಪದ ಹತ್ತಿರ ಇರುತ್ತಾರೆ. ಹೆಣ್ಣಿನ ಕಡೆಯ ಕೋಣೆ ಖಾಲಿ. ಕೋಣೆಗೆ ಬಂದವರನ್ನು ಗಂಡಿನ ಕಡೆಯವರು ಅಂತ ಇವರು ಅಂದುಕೊಳ್ಳುತ್ತಾರೆ, ಹೆಣ್ಣಿನ ಕಡೆಯವರು ಅಂತ ಅವರು. ಕೋಣೆಯಲ್ಲಿ ಒಬ್ಬರು ಕೂರಬೇಕು. ಸರದಿ ಮೇಲೆ ಕೂರಲಿ. ಪ್ರತಿ ಮದುವೆಯಲ್ಲೂ ಒಬ್ಬಳೇ ಚಿಕ್ಕಮ್ಮನನ್ನು ಕೂರಿಸಿ ಅವಳಿಗೆ ಧಾರೆ ತಪ್ಪಿಸಬೇಡಿ.

ಕಳುವಾದರೆ ಏನು ಮಾಡಬೇಕು?

ಅಳುತ್ತಾ ಮನೆಗೆ ಬರಬೇಡಿ. ಮೊದಲು 112ಕ್ಕೆ ಫೋನ್ ಮಾಡಿ. ರೈಲಿನಲ್ಲಿ ಆದರೆ 139. ಹತ್ತಿರ ಸಿಕ್ಕ ಯಾವ ಪೊಲೀಸ್ ಠಾಣೆಗೆ ಬೇಕಾದರೂ ಹೋಗಿ. "ಇದು ನಮ್ಮ ಸರಹದ್ದು ಅಲ್ಲ" ಎಂದು ವಾಪಸು ಕಳಿಸುವ ಹಾಗಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲೇ ಇದು ಇದೆ. ದೂರು ಬರೆದುಕೊಂಡ ಮೇಲೆ ನಿಮಗೆ ಓದಿ ಹೇಳಬೇಕು. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು.

ಓದಿ ಹೇಳುವ ತನಕ ಕಾಯಬೇಡಿ. ಕಾಗದ ಕೈಗೆ ತೆಗೆದುಕೊಂಡು ನೀವೇ ಓದಿ. "ಒಂದು ಚಿನ್ನದ ಸರ" ಎಂದಷ್ಟೇ ಬರೆದಿದ್ದರೆ "ತೂಕ ಬರೆಯಿರಿ ಸಾರ್, 16 ಗ್ರಾಂ, ಗುರುತು ಇದು" ಎಂದು ನಿಮ್ಮ ಪಟ್ಟಿ ತೋರಿಸಿ. ಬರೆದ ಮೇಲೆ ಸಹಿ ಹಾಕಿ. ಆ ಪಟ್ಟಿ ಒಡವೆ ಜೊತೆ ಅದೇ ಚೀಲದಲ್ಲಿ ಇದ್ದರೆ ಅದೂ ಹೋಗಿರುತ್ತದೆ. ಆದ್ದರಿಂದ ಒಂದು ಪ್ರತಿ ಮನೆಯಲ್ಲಿ ಇರಲಿ.

ಬರೆಯಿರಿ, ಲೆಕ್ಕ ಮಾಡಿ

1. ನಿಮ್ಮ ಒಡವೆಗಳ ಪಟ್ಟಿ ಮಾಡಿ. ಹೆಸರು, ತೂಕ, ಗುರುತು, ಕೊಟ್ಟವರು ಯಾರು, ಈ ನಾಲ್ಕು ಕಲಂ ಇರಲಿ.

2. ಒಬ್ಬ ಅಕ್ಕನ ಹತ್ತಿರ ಒಟ್ಟು 48 ಗ್ರಾಂ ಇದೆ. ಅವಳು ಧರ್ಮಸ್ಥಳಕ್ಕೆ 9 ಗ್ರಾಂ ಹಾಕಿಕೊಂಡು ಹೋದಳು. ಮನೆಯಲ್ಲಿ ಉಳಿದಿದ್ದು ಎಷ್ಟು? ಅದು ಎಷ್ಟು ಪವನು?

3. ಅತ್ತೆ ಕಾಸಿನ ಸರ ಹಾಕಿಕೊಂಡು ಹೋದದ್ದು ಸರಿಯೇ? ಗುಂಪಿನಲ್ಲಿ ಮಾತಾಡಿ. ನಿಮ್ಮ ಉತ್ತರವನ್ನು ಐದು ಸಾಲಿನಲ್ಲಿ ಬರೆಯಿರಿ.