ಮನೆಗಾಡಿಯ ಸಾರಥ್ಯ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಮೇ ತಿಂಗಳು ಸಮೀಪಿಸಿತೆಂದರೆ ಊರಿನ ಸೆಳೆತ ಆರಂಭವಾಗುತ್ತದೆ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗುವವರೆಗೆ ಕರಾವಳಿಯ ಬಹುಮಂದಿಗೆ ರಾತ್ರಿಯ ಬಸ್ಸೇ ಗತಿಯಾಗಿತ್ತು. ಆಮೇಲೆ ಸ್ವಂತ ಕಾರು ಬಂತು. ಈಗ ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚಾಲಯಗಳನ್ನು ಹೊತ್ತು ಓಡಾಡುವ ಕ್ಯಾರವಾನ್, ಅಂದರೆ ಮನೆಗಾಡಿ, ಬಾಡಿಗೆಗೆ ದೊರೆಯುತ್ತಿದೆ. ಮಹಾರಾಷ್ಟ್ರ ಸರಕಾರವು 2021ರಲ್ಲಿ ಇಂಥ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಮಂಡಿನೋವಿನ ಹಿರಿಯರನ್ನೂ ಎಳೆಯ ಮಕ್ಕಳನ್ನೂ ಜೊತೆಗೆ ಕರೆದೊಯ್ಯಬೇಕಾದ ಕುಟುಂಬಕ್ಕೆ ಇದು ದೊಡ್ಡ ಅನುಕೂಲವೇ ಸರಿ. ಆದರೆ ಹತ್ತಾರು ವರ್ಷ ಕಾರು ನಡೆಸಿದ ಗೃಹಸ್ಥನು ಅದೇ ಧೈರ್ಯದಿಂದ ಇದರ ಚಕ್ರ ಹಿಡಿಯುವುದು ಅಪಾಯಕರ.

ಕಾನೂನಿನ ಮಾತನ್ನು ಮೊದಲು ಮುಗಿಸಬಹುದು. ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ವಾಹನವು ಲಘು ಮೋಟಾರು ವಾಹನವೆನಿಸುತ್ತದೆ. ಆ ವರ್ಗದ ಪರವಾನಗಿ ಉಳ್ಳವರು ಅದೇ ಮಿತಿಯೊಳಗಿನ ಸಾರಿಗೆ ವಾಹನಗಳನ್ನೂ ನಡೆಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ತೀರ್ಪಿತ್ತಿದೆ. ಟೆಂಪೋ ಟ್ರಾವೆಲರ್ ಮಾದರಿಯ ಒಡಲಿನ ಮೇಲೆ ಕಟ್ಟಿದ ಮನೆಗಾಡಿಗಳು ಈ ಮಿತಿಯೊಳಗೇ ಬರುತ್ತವೆ. ಬಾಡಿಗೆಯ ಗಾಡಿಯಾದರೆ ವಿಮಾಪತ್ರವನ್ನು ತರಿಸಿಕೊಂಡು, ಯಾರು ನಡೆಸಲು ಅದರಲ್ಲಿ ಅವಕಾಶವಿದೆ ಎಂಬುದನ್ನು ಓದಿ ನೋಡತಕ್ಕದ್ದು. ಸಣ್ಣ ಅಕ್ಷರಗಳನ್ನು ಓದದೆ ಸಹಿ ಹಾಕುವವರೇ ನಮ್ಮಲ್ಲಿ ಹೆಚ್ಚು.

ಕಷ್ಟ ಆರಂಭವಾಗುವುದು ತೂಕದಿಂದ. ನೂರು ಲೀಟರ್ ನೀರೆಂದರೆ ಒಂದು ಕ್ವಿಂಟಲ್. ಸರಾಸರಿ 65 ಕಿಲೋದಂತೆ ಆರು ಮಂದಿ ಎಂದರೆ 390 ಕಿಲೋ. ಸಾಮಾನು, ಪಾತ್ರೆ, ಗ್ಯಾಸ್ ಸಿಲಿಂಡರ್ ಬೇರೆ. ಊರಿನಿಂದ ಹಿಂತಿರುಗುವಾಗ ತೆಂಗಿನಕಾಯಿ, ಕುಚ್ಚಲಕ್ಕಿ, ಹಲಸಿನ ಹಣ್ಣುಗಳೂ ಏರುವುದು ವಾಡಿಕೆ. ಬೇಡವೆಂದರೆ ಅತ್ತೆಯವರು ಬೇಸರಪಟ್ಟುಕೊಳ್ಳುತ್ತಾರೆ! ಇವುಗಳಲ್ಲಿ ಭಾರವಾದುದನ್ನು ಕೆಳಗೆ, ನೆಲಕ್ಕೆ ಹತ್ತಿರವಾಗಿ ಇರಿಸಿ ಬಿಗಿಯಬೇಕು. ಮೇಲಿನ ಕಪಾಟಿನಲ್ಲಿ ತುಂಬಿದರೆ ತಿರುವಿನಲ್ಲಿ ಗಾಡಿ ವಾಲುತ್ತದೆ.

ಚಾಲಕನು ಅಪಾಯವನ್ನು ಕಂಡು ಬ್ರೇಕು ತುಳಿಯಲು ಒಂದೂವರೆ ಸೆಕೆಂಡು ಹಿಡಿಯಿತೆಂದು ಭಾವಿಸಿ ಲೆಕ್ಕ ಹಾಕಿದರೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಆ ಅವಧಿಯಲ್ಲೇ ಗಾಡಿ 25 ಮೀಟರ್ ಮುಂದೆ ಹೋಗಿರುತ್ತದೆ. ಒಣರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕು ಹಿಡಿದರೂ ನಿಲ್ಲಲು ಇನ್ನೂ ಸುಮಾರು 28 ಮೀಟರ್ ಬೇಕು. ಒಟ್ಟು 53. ವೇಗ 80 ಆದರೆ ಈ ಮೊತ್ತ ಸುಮಾರು 83 ಮೀಟರಿಗೆ ಏರುತ್ತದೆ. ವೇಗ ಮೂರರಲ್ಲೊಂದು ಪಾಲು ಹೆಚ್ಚಿದರೆ ದೂರ ಅರ್ಧಕ್ಕಿಂತಲೂ ಹೆಚ್ಚಿತು. ಮಳೆಯಲ್ಲಿ ಇದು ಇನ್ನಷ್ಟು ಬೆಳೆಯುತ್ತದೆ.

ಅಭ್ಯಾಸಕ್ಕೆ ಡೊಂಬಿವಲಿಯ ಗಲ್ಲಿಗಳು ತಕ್ಕವಲ್ಲ. ಖಾರ್ಘರ್‌ನಂತಹ ಬಡಾವಣೆಗಳ ಅಗಲವಾದ ರಸ್ತೆಗಳಲ್ಲಿ ಭಾನುವಾರ ಬೆಳಗಿನ ಹೊತ್ತು, ಅನುಭವಿ ಚಾಲಕನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಯುವುದು ಮೇಲು. ಉದ್ದದ ಗಾಡಿಯು ತಿರುಗುವಾಗ ಹಿಂದಿನ ಗಾಲಿಗಳು ಮುಂದಿನವುಗಳ ಜಾಡಿನಲ್ಲಿ ಬಾರದೆ ಒಳಬದಿಗೆ ಸರಿಯುತ್ತವೆ. ಬಾಲದ ತುದಿ ಹೊರಬದಿಗೆ ಬೀಸುತ್ತದೆ. ಆದುದರಿಂದ ತುಸು ಮುಂದೆ ಹೋಗಿ ತಿರುಗಿಸಬೇಕು, ಎರಡೂ ಕನ್ನಡಿಗಳನ್ನು ನೋಡುತ್ತಿರಬೇಕು. ಹಿಂದಕ್ಕೆ ಬರುವಾಗ ಒಬ್ಬರು ಕೆಳಗಿಳಿದು, ಕನ್ನಡಿಯಲ್ಲಿ ಕಾಣುವಂತೆ ನಿಂತು ದಾರಿ ಹೇಳಲೇಬೇಕು. ಲಾರಿಯ ಕ್ಲೀನರನು ಒಡಲನ್ನು ತಟ್ಟಿ ‘ಆನೇ ದೋ’ ಎನ್ನುವುದನ್ನು ಕಂಡು ನಗುವವರು ಆ ವಿದ್ಯೆಯನ್ನು ಅವನಿಂದ ಕಲಿಯಬಹುದು. ಗಾಡಿಯ ಎತ್ತರವನ್ನು ಛಾವಣಿಯ ಹವಾನಿಯಂತ್ರಕವೂ ಸೇರಿದಂತೆ ಅಳೆದು, ಮೀಟರಿನಲ್ಲಿ ಬರೆದು, ಚಾಲಕನ ಕಣ್ಣೆದುರು ಅಂಟಿಸಬೇಕು. ಸೊಸೈಟಿಯ ಕಮಾನು, ರೈಲು ಹಳಿಯ ಕೆಳಗಿನ ದಾರಿ, ಪೆಟ್ರೋಲ್ ಪಂಪಿನ ಚಾವಣಿ ಎದುರಾದಾಗ ಊಹೆ ಸಾಲದು.

ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ. 2321 ಎಂದಿದ್ದರೆ ಅದು 2021ರ 23ನೆಯ ವಾರದಲ್ಲಿ ತಯಾರಾದುದು. ಚೆಕ್ಕಿನ ತಾರೀಖನ್ನು ನೋಡುವಂತೆ ಇದನ್ನೂ ನೋಡಬೇಕು. ಹೆಚ್ಚು ಕಾಲ ನಿಂತೇ ಇರುವ ಗಾಡಿಯ ಟೈರು ಸವೆಯದಿದ್ದರೂ ಮುದಿಯಾಗುತ್ತದೆ.

ಇನ್ನು ಘಾಟಿಯ ವಿಚಾರ. ನಮ್ಮ ಊರಿನ ದಾರಿಯಲ್ಲಿ ಒಂದು ವಿಶೇಷವಿದೆ. ಕಳಂಬೋಲಿ ದಾಟಿ ಪುಣೆಯ ಕಡೆಗೆ ಹೊರಟಾಗ ಬೋರ್ ಘಾಟಿಯನ್ನು ಏರುತ್ತೇವೆ. ಲೋಣಾವಳವು ಸಮುದ್ರಮಟ್ಟದಿಂದ ಸುಮಾರು ಆರುನೂರು ಮೀಟರ್ ಎತ್ತರದಲ್ಲಿದೆ. ಹೊರಡುವಾಗ ಚಾಲಕನು ಉಲ್ಲಾಸದಿಂದಿರುತ್ತಾನೆ, ಏರುವಾಗ ಗಾಡಿ ತಾನಾಗಿ ನಿಧಾನವಾಗುತ್ತದೆ. ಹಿಂತಿರುಗುವಾಗ ಎಲ್ಲವೂ ತಿರುವುಮುರುವು. ನಿಪ್ಪಾಣಿ, ಕೊಲ್ಹಾಪುರ, ಸಾತಾರಗಳನ್ನು ದಾಟಿ ದಣಿದವನಿಗೆ ಮೊದಲು ಕಾತ್ರಜದ ಹೊಸ ಸುರಂಗದ ಆಚೆಗಿನ ಇಳಿಜಾರು, ಕಟ್ಟಕಡೆಗೆ ಬೋರ್ ಘಾಟಿಯ ಇಳಿಜಾರು. ಗಾಡಿಯಲ್ಲಿ ಹೊರೆ ಹೆಚ್ಚು. ಮನೆ ಸಮೀಪಿಸಿತೆಂಬ ಆತುರ ಬೇರೆ.

ಕಾತ್ರಜದಿಂದ ನವಲೆ ಸೇತುವೆಗೆ ಬರುವ ಆ ಇಳಿಜಾರಿನಲ್ಲೇ 2022ರ ನವೆಂಬರ್ 20ರ ರಾತ್ರಿ ಹತೋಟಿ ತಪ್ಪಿದ ಒಂದು ಭಾರೀ ವಾಹನವು ಸುಮಾರು 48 ವಾಹನಗಳನ್ನು ಜಖಂಗೊಳಿಸಿತು. ಇಂಧನ ಉಳಿಸಲು ಎಂಜಿನ್ ಆರಿಸಿ ಇಳಿದದ್ದು ಕಾರಣವೆಂದು ಪ್ರಾಥಮಿಕ ತನಿಖೆಯಲ್ಲಿ ಹೇಳಲಾಯಿತು. ಎಂಜಿನ್ ನಿಂತರೆ ಬ್ರೇಕಿಗೂ ಸ್ಟಿಯರಿಂಗಿಗೂ ದೊರೆಯುವ ಯಾಂತ್ರಿಕ ನೆರವು ಕುಗ್ಗಿ ಎರಡೂ ಬಿಗಿಯಾಗುತ್ತವೆ. ನ್ಯೂಟ್ರಲಿನಲ್ಲಿ ಇಳಿದರೆ ಎಂಜಿನ್ ವೇಗವನ್ನು ತಡೆಯದು. ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಸತತವಾಗಿ ತುಳಿದ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ, ಪೆಡಲು ಮೆತ್ತಗಾಗುತ್ತದೆ. ಹಳೆಯ ಲಾರಿ ಚಾಲಕರ ಕ್ರಮವೇ ಸರಿ: ಏರಲು ಯಾವ ಗೇರು ಬೇಕಾಯಿತೋ ಇಳಿಯಲೂ ಅದೇ ಗೇರು, ಅದನ್ನು ಇಳಿಜಾರು ಆರಂಭವಾಗುವ ಮೊದಲೇ ಹಾಕಿಕೊಳ್ಳಬೇಕು. ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಪೂರ್ತಿ ಬಿಟ್ಟು, ಮತ್ತೆ ಒತ್ತಬೇಕು. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಆರಲು ಬಿಡಬೇಕು. ಊರಿಗೆ ಹೊರಡುವ ಮೊದಲು ಥಾಣೆಯವರು ಘೋಡಬಂದರ್ ರಸ್ತೆಯ ಗಾಯಮುಖ ಘಾಟಿಯಲ್ಲಿ ಜನಸಂಚಾರ ಕಡಿಮೆಯಿರುವ ಹೊತ್ತು ನೋಡಿ ಒಂದೆರಡು ಸಲ ಏರಿ ಇಳಿದು ನೋಡಬಹುದು.

ಹಿಂತಿರುಗುವ ಪ್ರಯಾಣವನ್ನು ಒಂದೇ ದಮ್ಮಿನಲ್ಲಿ ಮುಗಿಸದೆ ಸಾತಾರದ ಆಸುಪಾಸಿನಲ್ಲಿ ರಾತ್ರಿ ತಂಗಿದರೆ ಇಳಿಜಾರುಗಳು ಬೆಳಗಿನ ಹೊತ್ತಿಗೆ ಬರುತ್ತವೆ. ರಾತ್ರಿ ಎರಡರಿಂದ ಐದರವರೆಗೆ ಹಾಗೂ ಊಟದ ನಂತರ ತೂಕಡಿಕೆ ಸಹಜ. ನೆಗಡಿಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳು ನಿದ್ದೆ ತರುತ್ತವೆ. ಮಧುಮೇಹಕ್ಕೆ ಔಷಧಿ ಸೇವಿಸುವವರು ಊಟದ ಹೊತ್ತು ಮೀರಿಸಬಾರದು. ಸಕ್ಕರೆ ಇಳಿದರೆ ಮಂಕು ಕವಿಯುತ್ತದೆ. ಎರಡು ಗಂಟೆಗೊಮ್ಮೆ ಇಳಿದು ನಡೆದಾಡಬೇಕು. ಗಾಡಿ ಓಡುತ್ತಿರುವಾಗ ಹಾಸಿಗೆಯಲ್ಲಿ ಯಾರೂ ಮಲಗಬಾರದು. ಹಿರಿಯರೂ ಮಕ್ಕಳೂ ಪಟ್ಟಿ ಕಟ್ಟಿ ಕುಳಿತೇ ಬರಬೇಕು. ಒಲೆ ಹಚ್ಚಬಾರದು, ಸಿಲಿಂಡರಿನ ಕವಾಟ ಮುಚ್ಚಿರಬೇಕು.

ನಿಲ್ಲಿಸಿದ ಗಾಡಿಯಲ್ಲೂ ಅಪಾಯವಿದೆ. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ರಸ್ತೆಬದಿಗೆ ನಿಲ್ಲಿಸಿದ್ದ ಕ್ಯಾರವಾನಿನಲ್ಲಿ ಇಬ್ಬರು ಮೃತರಾಗಿ ಕಂಡುಬಂದರು. ಜನರೇಟರಿನಿಂದ ಹೊರಟ ಕಾರ್ಬನ್ ಮೊನಾಕ್ಸೈಡ್ ಒಳಹೊಕ್ಕಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಲವಾಗಿ ಅಂಟಿಕೊಳ್ಳುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ಓಕರಿಕೆ, ತಲೆಸುತ್ತು ಕಾಣಿಸಬಹುದು. ಮಲಗಿದವರು ಏಳುವುದೇ ಇಲ್ಲ. ಸೆಕೆ ಎಷ್ಟೇ ಇರಲಿ, ಎಂಜಿನ್ ಅಥವಾ ಜನರೇಟರ್ ನಡೆಸುತ್ತ ಮಲಗಕೂಡದು. ಗಾಳಿಕಿಂಡಿ ತೆರೆದಿರಬೇಕು. ಈ ಅನಿಲವನ್ನು ಗುರುತಿಸಿ ಕೂಗುವ ಸಣ್ಣ ಯಂತ್ರ ದೊರೆಯುತ್ತದೆ. ಹಾಸಿಗೆಯ ಸಮೀಪದಲ್ಲಿ ಅದಿದೆಯೇ, ಬ್ಯಾಟರಿ ಸರಿಯಿದೆಯೇ ಎಂದು ಬಾಡಿಗೆಗೆ ಕೊಡುವವನನ್ನು ಕೇಳಬೇಕು. ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೇ ತಲೆನೋವು ಬಂದಲ್ಲಿ ಪಿತ್ತವೆಂದು ಶುಂಠಿ ಕಷಾಯಕ್ಕೆ ನೀರಿಡುತ್ತ ಕೂರದೆ, ಎಲ್ಲರೂ ಕೂಡಲೇ ಬಯಲಿಗೆ ಇಳಿದು 108ಕ್ಕೆ ಕರೆಮಾಡಿ, ಆಮ್ಲಜನಕದ ವ್ಯವಸ್ಥೆಯುಳ್ಳ ಆಸ್ಪತ್ರೆಯನ್ನು ಸೇರಬೇಕು.